ಹೆಣಿಗೆಯ ನೂಲಿಗೆ ಎಳೆಯ ಆಯ್ಕೆ

ಬೆಳಗಾವಿಯ ಶಹಾಪುರವು ಬಹುಕಾಲದಿಂದ ನೇಕಾರರ ನೆಲೆ. ಹಾಸಿನ ನೂಲಿಗೆ ಹುರಿ ಹೆಚ್ಚು, ಹೊಕ್ಕಿನ ನೂಲಿಗೆ ಕಡಿಮೆ ಎಂಬುದು ಅಲ್ಲಿಯ ಮಗ್ಗದವರಿಗೆ ಹೊಸ ಮಾತಲ್ಲ. ಕೈಹೆಣಿಗೆಗೂ ಇದೇ ನ್ಯಾಯವು ಸಲ್ಲುತ್ತದೆ. ನೂಲು ಯಾವ ಉಡುಪಿಗೆಂಬುದನ್ನು ಮೊದಲು ನಿಶ್ಚಯಿಸಿ, ತರುವಾಯ ಎಳೆಯನ್ನೂ ಹುರಿಯನ್ನೂ ಗೊತ್ತುಮಾಡತಕ್ಕದ್ದು.

ಎಳೆಗಳ ಗುಣ: ಈ ಸೀಮೆಯ ದಖ್ಖನಿ ಕುರಿಯ ಉಣ್ಣೆಯು ಒರಟು, ಕಂಬಳಿಗೆ ಉತ್ತಮವಾದುದು. ಸುಮಾರು 30 ಮೈಕ್ರಾನಿಗಿಂತ ದಪ್ಪನಾದ ಎಳೆಯ ತುದಿಯು ಬಾಗದೆ ಚರ್ಮವನ್ನು ಚುಚ್ಚುತ್ತದೆ. ಆದುದರಿಂದ ಮೈಗೆ ತಾಗುವ ಉಡುಪಿಗೆ ಮರಿಗಳ ಮೊದಲ ಕತ್ತರಿಯ ಮೆತ್ತನೆಯ ಉಣ್ಣೆಯನ್ನು ಬೇರೆ ತೆಗೆದಿಡಬೇಕು. ದೊಡ್ಡ ಕುರಿಯ ಉಣ್ಣೆಯಲ್ಲಿಯೂ ಹೆಗಲಿನದು ತೊಡೆಯದಕ್ಕಿಂತ ನಯವಾಗಿರುವುದು. ಹತ್ತಿಯು ತಂಪು, ಆದರೆ ಉಣ್ಣೆಯಂತೆ ಹಿಗ್ಗಿ ಮತ್ತೆ ಕುಗ್ಗಲಾರದು. ಹತ್ತಿಯ ಹೆಣಿಗೆಯು ತೊಟ್ಟಂತೆ ಜೋಲುಬೀಳುತ್ತದೆ.

ತೊಳೆಯುವುದು: ಉಣ್ಣೆಯನ್ನು ಸಾಬೂನು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿಡಬೇಕು. ಉಜ್ಜಿ ಕಲಕಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿ ಗಂಟುಗಟ್ಟುತ್ತವೆ. ನೆರಳಿನಲ್ಲಿ ಆರಿಸಿ, ಹಿಂಜಿ, ಹಂಜಿ ಮಾಡತಕ್ಕದ್ದು.

ನೂಲುವುದು: ಒಂಟಿ ಎಳೆಯಿಂದ ಹೆಣೆದ ಬಟ್ಟೆಯು ಹುರಿಯ ಕಡೆಗೆ ಓರೆಯಾಗುವುದುಂಟು. ಇದನ್ನು ತಪ್ಪಿಸಲು ಎರಡು ಎಳೆಗಳನ್ನು ಒಂದೇ ದಿಕ್ಕಿನಲ್ಲಿ ನೂತು, ಅವನ್ನು ಜೊತೆಗೂಡಿಸಿ ವಿರುದ್ಧ ದಿಕ್ಕಿನಲ್ಲಿ ಹುರಿಮಾಡಬೇಕು. ಚಿಕ್ಕ ಎಳೆಗೆ ಹೆಚ್ಚು ಹುರಿಯೂ ಉದ್ದ ಎಳೆಗೆ ಕಡಿಮೆ ಹುರಿಯೂ ಸಾಕು. ಹುರಿ ಮಿತಿಮೀರಿದರೆ ನೂಲು ಬಿರುಸಾಗುತ್ತದೆ. ತೀರ ಕಡಿಮೆಯಾದರೆ ಎಳೆ ಸಡಿಲಿ ಹರಿಯುತ್ತದೆ.

ಪರೀಕ್ಷೆ: ಹೊಸದಾಗಿ ಹುರಿಮಾಡಿದ ನೂಲಿನ ಎರಡು ತುದಿಗಳನ್ನು ಹಿಡಿದು ನಡುವನ್ನು ಸಡಿಲವಾಗಿ ಇಳಿಬಿಡಿರಿ. ಅದು ಸುತ್ತಿಕೊಳ್ಳದೆ ತೂಗಿದರೆ ಹುರಿಯು ಸಮವಾಗಿದೆಯೆಂದು ತಿಳಿಯಬೇಕು. ಲಡಿಯನ್ನು ನೀರಿನಲ್ಲಿ ನೆನೆಸಿ, ತೂಗುಹಾಕಿ ಒಣಗಿಸಿದ ಮೇಲೆ 4 ಅಂಗುಲದ ಚೌಕ ತುಂಡನ್ನು ಹೆಣೆದು ತೊಳೆದು ನೋಡುವುದು ಲೇಸು. ಕುಗ್ಗುವಿಕೆಯೂ ಒರಟುತನವೂ ಆಗಲೇ ತೋರುತ್ತವೆ.

ಈ ವಿಂಗಡಣೆಯು ಕುರುಬರಿಗೂ ಲಾಭಕರ. ಎಲ್ಲವನ್ನೂ ಒಂದೇ ಮೂಟೆಗೆ ತುಂಬಿದರೆ ನಯವಾದ ಉಣ್ಣೆಯೂ ಒರಟಿನ ಬೆಲೆಗೇ ಹೋಗುವುದು. ಬೇರೆ ಬೇರೆ ಮಾಡಿದರೆ ಮೆತ್ತನೆಯದು ಹೆಣಿಗೆಗೂ ಒರಟು ಕಂಬಳಿಗೂ ಒದಗಿ, ಒಂದು ಎಳೆಯೂ ವ್ಯರ್ಥವಾಗದು.