ಆರೋಗ್ಯ: ಕೇಳುವ ಹಕ್ಕೋ, ಹೊರುವ ಹೊಣೆಯೋ?

ಕಳೆದ ತಿಂಗಳ ಎರಡನೇ ಜುಮಾದಂದು ನಮಾಝ್ ಮುಗಿದು ದುಆ ಆದ ಮೇಲೆ ನಮ್ಮ ಮಸೀದಿಯಲ್ಲಿ ಸಹೋದರರೊಬ್ಬರು ಎದ್ದು ನಿಂತರು. ಆಟೊ ಓಡಿಸಿ ಸಂಸಾರ ನಡೆಸುವವರು. ಪತ್ನಿಗೆ ಹೃದಯದ ಶಸ್ತ್ರಚಿಕಿತ್ಸೆ ಆಗಿತ್ತು. ಬಳೆ ಮಾರಿ, ಫೈನಾನ್ಸ್‌ನವರಿಂದ ಬಡ್ಡಿಗೆ ಸಾಲ ಪಡೆದು ಆಸ್ಪತ್ರೆಗೆ ಕಟ್ಟಿದ್ದರು. ಇನ್ನೂ ಬಾಕಿ ಉಳಿದಿತ್ತು. ಅವರು ಹೆಚ್ಚು ಮಾತನಾಡಲಿಲ್ಲ, ಮಾತನಾಡಲು ಆಗಲೂ ಇಲ್ಲ. ಬಾಗಿಲ ಬಳಿ ಹಾಸಿದ ಟವೆಲಿಗೆ ಜನರು ಕೈಲಾದಷ್ಟು ಹಾಕಿ ಹೋದರು.

ಮರುದಿನ ಜಮಾಅತ್‌ನ ಕೆಲವರು ಅವರ ಮನೆಗೆ ಹೋದಾಗ ಎರಡು ವಿಷಯಗಳು ತಿಳಿದವು. ಆ ಮನೆಯಲ್ಲಿ ಬಿಪಿಎಲ್ ಪಡಿತರ ಚೀಟಿ ಇತ್ತು, ಆದರೆ ಸರಕಾರದ ಆರೋಗ್ಯ ಯೋಜನೆಯ ಕಾರ್ಡ್ ಮಾಡಿಸಿರಲಿಲ್ಲ. ಪಡಿತರ ಚೀಟಿಯಲ್ಲಿ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದ್ದುದರಿಂದ ಒಮ್ಮೆ ಹೋಗಿ ಬರಿಗೈಯಲ್ಲಿ ವಾಪಸಾಗಿದ್ದರು. ಆಸ್ಪತ್ರೆಯಲ್ಲೂ ಯಾರೂ ಈ ಯೋಜನೆಯ ಬಗ್ಗೆ ಹೇಳಿರಲಿಲ್ಲ. ಎರಡನೆಯ ವಿಷಯ ಆ ತಾಯಿಯೇ ಹೇಳಿದ್ದು. ಎಂಟು ತಿಂಗಳಿಂದ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ಮಗಳ ನಿಕಾಹ್ ಮುಗಿಯಲಿ ಎಂದು ಯಾರಿಗೂ ಹೇಳದೆ ಸುಮ್ಮನಿದ್ದರು.

ಇದರಲ್ಲಿ ತಪ್ಪು ಯಾರದು? ಎಂಟು ತಿಂಗಳು ನೋವನ್ನು ಮುಚ್ಚಿಟ್ಟವರದೋ, ಹೆಸರಿನ ಒಂದು ಅಕ್ಷರಕ್ಕಾಗಿ ವಾಪಸು ಕಳುಹಿಸಿದವರದೋ, ಅಥವಾ ಪಕ್ಕದ ಬೀದಿಯಲ್ಲೇ ಇದ್ದೂ ವಿಚಾರಿಸದ ನಮ್ಮದೋ? ಆರೋಗ್ಯವೆಂಬುದು ಸರಕಾರದಿಂದ, ಸಮಾಜದಿಂದ ಕೇಳಿ ಪಡೆಯಬೇಕಾದ ಹಕ್ಕೇ? ಅಥವಾ ಪ್ರತಿಯೊಬ್ಬರೂ ತಾವೇ ನೋಡಿಕೊಳ್ಳಬೇಕಾದ ವೈಯಕ್ತಿಕ ಹೊಣೆಯೇ? ಮುಂದಿನ ಜುಮಾದ ಖುತ್ಬಾದಲ್ಲಿ ಖತೀಬರು ಇದೇ ವಿಷಯವನ್ನು ಎತ್ತಿಕೊಂಡರು. ಅದರ ಸಾರಾಂಶಕ್ಕೆ ತಿಳಿದಿರಬೇಕಾದ ಕೆಲವು ಮಾಹಿತಿಗಳನ್ನು ಸೇರಿಸಿ ಇಲ್ಲಿ ಕೊಡುತ್ತಿದ್ದೇವೆ.

ಒಂದೇ ಶಬ್ದ, ಎರಡು ಮುಖ

ನಾವು ದಿನವೂ ಬಳಸುವ 'ಹಕ್ಕು' ಎಂಬ ಕನ್ನಡ ಶಬ್ದ ಅರಬಿಯ 'ಹಕ್' ಎಂಬುದರಿಂದ ಬಂದದ್ದು. ಅರಬಿಯಲ್ಲಿ ಆ ಶಬ್ದಕ್ಕೆ ಸತ್ಯ ಎಂಬ ಅರ್ಥವಿದೆ, ಪಡೆಯಬೇಕಾದದ್ದು ಎಂಬ ಅರ್ಥವಿದೆ, ಸಲ್ಲಿಸಬೇಕಾದದ್ದು ಎಂಬ ಅರ್ಥವೂ ಇದೆ. ನೆರೆಯವನ ಹಕ್ ಎಂದರೆ ನಾನು ಅವನಿಗೆ ಸಲ್ಲಿಸಬೇಕಾದದ್ದು. ಒಬ್ಬರ ಹಕ್ಕು ಇನ್ನೊಬ್ಬರ ಹೆಗಲ ಮೇಲೆ ಹೊಣೆಯಾಗಿ ಕುಳಿತಿರುತ್ತದೆ.

ಅನುಕೂಲಸ್ಥರ ಸಂಪತ್ತಿನಲ್ಲಿ ಕೇಳುವವನಿಗೂ ಕೇಳಲಾಗದೆ ವಂಚಿತನಾದವನಿಗೂ ಪಾಲಿದೆ ಎಂದು ಪವಿತ್ರ ಕುರ್‌ಆನ್ ತಿಳಿಸುವಾಗ ಬಳಸಿರುವ ಶಬ್ದವೂ ಇದೇ 'ಹಕ್'. ಅದನ್ನು ದಯೆ ಎಂದು ಕರೆದಿಲ್ಲ, ಉಪಕಾರ ಎಂದೂ ಕರೆದಿಲ್ಲ. ಅತಿಯಾಗಿ ಉಪವಾಸ ಹಿಡಿದು ರಾತ್ರಿಯಿಡೀ ನಮಾಝ್‌ನಲ್ಲಿ ನಿಲ್ಲುತ್ತಿದ್ದ ಯುವ ಸಹಾಬಿಯೊಬ್ಬರಿಗೆ ಪ್ರವಾದಿ ಮುಹಮ್ಮದ್(ಸ) ಅವರು, ಶರೀರಕ್ಕೂ ನಿನ್ನ ಮೇಲೆ ಹಕ್ ಇದೆಯೆಂದು ತಿಳಿಹೇಳಿದರು. ಸಮಾಜದ ಮೇಲೆ ಬಡವನಿಗೆ ಇರುವುದೂ ಹಕ್, ನಮ್ಮ ಮೇಲೆ ನಮ್ಮದೇ ದೇಹಕ್ಕೆ ಇರುವುದೂ ಹಕ್. ಹಾಗಾಗಿ ಹಕ್ಕೋ ಹೊಣೆಯೋ ಎಂದು ಎರಡರಲ್ಲಿ ಒಂದನ್ನು ಆರಿಸಬೇಕಾಗಿಲ್ಲ. ಎರಡನ್ನೂ ಪೂರೈಸಬೇಕಾಗಿದೆ.

ಶರೀರವೆಂಬ ಅಮಾನತ್

ಮೊದಲು ನಮ್ಮ ಕಡೆಯ ಲೆಕ್ಕ ನೋಡೋಣ. ಶರೀರ ನಮ್ಮ ಸೊತ್ತಲ್ಲ, ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್. ಅನಾರೋಗ್ಯ ಬರುವ ಮೊದಲು ಆರೋಗ್ಯದ ಬೆಲೆ ತಿಳಿಯಬೇಕೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಚಿಕಿತ್ಸೆ ಪಡೆಯಿರಿ ಎಂದು ಆದೇಶಿಸಿದ್ದಾರೆ. ಹಝ್ರತ್ ಉಮರ್(ರ) ಅವರು ಸಿರಿಯಾದತ್ತ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹರಡಿರುವ ಸುದ್ದಿ ತಿಳಿದು ಜನರೊಂದಿಗೆ ಹಿಂದಿರುಗಿದರು. ವಿಧಿಯಿಂದ ಓಡುತ್ತಿದ್ದೀರಾ ಎಂಬ ಪ್ರಶ್ನೆ ಬಂದಾಗ, ಹಿಂದಿರುಗುವುದೂ ಅಲ್ಲಾಹನ ವಿಧಿಯೇ ಎಂಬ ಅರ್ಥದ ಉತ್ತರ ಕೊಟ್ಟರು. ಮುನ್ನೆಚ್ಚರಿಕೆ ವಹಿಸುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ನಮ್ಮ ಮನೆಗಳಲ್ಲಿ ಈ ಅಮಾನತ್‌ನ ಸ್ಥಿತಿ ಹೇಗಿದೆ? ಮದುವೆ ಮನೆಯ ಬಿರಿಯಾನಿಗೆ ಲಕ್ಷಗಟ್ಟಲೆ ಖರ್ಚು ಮಾಡುವವರು ವರ್ಷಕ್ಕೊಮ್ಮೆ ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸುವುದಿಲ್ಲ. ಯುವಕರ ಕಿಸೆಯಲ್ಲಿ ಗುಟ್ಕಾ ಪೊಟ್ಟಣ ಇರುತ್ತದೆ. ರಮಝಾನ್‌ನಲ್ಲಿ ಇಡೀ ದಿನ ಉಪವಾಸವಿದ್ದು ಇಫ್ತಾರ್‌ನಲ್ಲಿ ಕರಿದ ತಿಂಡಿ, ಶರಬತ್ತು ಮಿತಿಮೀರುತ್ತದೆ. ರೋಗಿಗೆ ಉಪವಾಸದಿಂದ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದರೂ ಇನ್ಸುಲಿನ್ ಪಡೆಯುವ ಹಿರಿಯರು ವೈದ್ಯರನ್ನು ಕೇಳದೆ ಉಪವಾಸ ಹಿಡಿದು ಆಸ್ಪತ್ರೆ ಸೇರುತ್ತಾರೆ. ಕ್ಷಯ ಎಂದರೆ ಮಗಳಿಗೆ ಸಂಬಂಧ ಬರುವುದಿಲ್ಲವೆಂದು ಹೆದರಿ ಕೆಮ್ಮನ್ನು ಮುಚ್ಚಿಡುತ್ತಾರೆ. ಆದರೆ ಕ್ಷಯದ ಔಷಧಿ ಸರಕಾರಿ ಆಸ್ಪತ್ರೆಯಲ್ಲಿ ಸಂಪೂರ್ಣ ಉಚಿತ, ಪೂರ್ಣ ಅವಧಿ ಸೇವಿಸಿದರೆ ಗುಣವಾಗುವ ಕಾಯಿಲೆ ಅದು.

ಮನೆಯ ಹೆಂಗಸರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಎಲ್ಲರ ಊಟವಾದ ಮೇಲೆ ಉಣ್ಣುವ, ಎಲ್ಲರ ಔಷಧಿ ಮುಗಿದ ಮೇಲೆ ತನ್ನ ನೋವನ್ನು ನೆನೆಸಿಕೊಳ್ಳುವ ತಾಯಿಗೆ 'ನಿನ್ನ ಆರೋಗ್ಯ ನಿನ್ನ ಹೊಣೆ' ಎಂದು ಹೇಳಿದರೆ ಅದು ನ್ಯಾಯವಾಗುವುದಿಲ್ಲ. ಆಕೆಯನ್ನು ಕೇಳಿ, ಕರೆದುಕೊಂಡು ಹೋಗಿ ತೋರಿಸುವುದು ಗಂಡನ, ಮಕ್ಕಳ ಹೊಣೆ.

ಸಮಾಜ ಹೊತ್ತ ಹೊಣೆ

ಖಂದಕ್ ಯುದ್ಧದಲ್ಲಿ ಹಝ್ರತ್ ಸಅದ್ ಬಿನ್ ಮುಆದ್(ರ) ಗಾಯಗೊಂಡಾಗ ಪ್ರವಾದಿವರ್ಯರು(ಸ) ಅವರಿಗಾಗಿ ಮಸೀದಿಯ ಆವರಣದಲ್ಲೇ ಡೇರೆ ಹಾಕಿಸಿದರು. ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದ ಹಝ್ರತ್ ರುಫೈದಾ(ರ) ಎಂಬ ಸಹಾಬಿ ಮಹಿಳೆಯ ಹೆಸರನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ಚಿಕಿತ್ಸೆ ಮಸೀದಿಯ ಕೆಲಸವಲ್ಲ ಎಂದು ಅಂದು ಯಾರೂ ಹೇಳಲಿಲ್ಲ.

ಮುಂದೆ ಇದು ವ್ಯವಸ್ಥೆಯಾಗಿ ಬೆಳೆಯಿತು. ಸುಲ್ತಾನ್ ನೂರುದ್ದೀನ್ 1154ರಲ್ಲಿ ದಮಾಸ್ಕಸ್‌ನಲ್ಲಿ ಆಸ್ಪತ್ರೆ ಕಟ್ಟಿಸಿದರು. ಕಲಾವೂನ್ ಎಂಬ ಸೇನಾಧಿಕಾರಿ ದಮಾಸ್ಕಸ್‌ನಲ್ಲಿ ಕಾಯಿಲೆ ಬಿದ್ದಾಗ ಅದೇ ಆಸ್ಪತ್ರೆಯ ಔಷಧಿಯಿಂದ ಗುಣಮುಖರಾದರಂತೆ. ತಾನು ಅಧಿಕಾರಕ್ಕೆ ಬಂದರೆ ಇಂಥದೇ ಆಸ್ಪತ್ರೆ ಕಟ್ಟಿಸುವೆನೆಂದು ಆಗ ಹರಕೆ ಹೊತ್ತರೆಂದು ಚರಿತ್ರೆಕಾರರು ಬರೆದಿದ್ದಾರೆ. ಅವರು ಸುಲ್ತಾನರಾದ ಮೇಲೆ 1284ರಲ್ಲಿ ಕೈರೋದಲ್ಲಿ ಮನ್ಸೂರಿ ಆಸ್ಪತ್ರೆ ಎದ್ದಿತು. ಅದರ ಖರ್ಚಿಗೆ ವಕ್ಫ್ ಆಸ್ತಿಗಳ ಆದಾಯವನ್ನು ಮೀಸಲಿಟ್ಟರು. ಬಡವ-ಬಲ್ಲಿದ, ಗಂಡಸು-ಹೆಂಗಸು, ಊರಿನವನು-ಪರಊರಿನವನು ಎಂಬ ಭೇದವಿಲ್ಲದೆ, ಗುಣವಾಗುವವರೆಗೂ ಅಲ್ಲಿ ಚಿಕಿತ್ಸೆ ಸಿಗಬೇಕೆಂಬುದು ವಕ್ಫ್‌ನ ಷರತ್ತಾಗಿತ್ತು.

ಇಲ್ಲಿ ಗಮನಿಸಬೇಕಾದದ್ದಿದೆ. ಈ ಆಸ್ಪತ್ರೆಗಳಲ್ಲಿ ರೋಗಿ ಎದ್ದು ನಿಂತು ಜನರ ಮುಂದೆ ಕೈಚಾಚಬೇಕಾಗಿರಲಿಲ್ಲ. ರೋಗಿಯಾಗಿದ್ದಾನೆ ಎಂಬುದೇ ಅವನ ಅರ್ಹತೆಯಾಗಿತ್ತು. ನಮ್ಮ ಟವೆಲಿನ ಚಂದಾ ಒಳ್ಳೆಯದೇ, ಅದಕ್ಕೆ ಖಂಡಿತ ಪ್ರತಿಫಲವಿದೆ. ಆದರೆ ಅದು ಎದ್ದು ನಿಲ್ಲುವ ಧೈರ್ಯವಿದ್ದವರಿಗೆ ಮಾತ್ರ ಸಿಗುತ್ತದೆ. ಮನೆಯೊಳಗೆ ಕುಳಿತ ವಿಧವೆಗೆ, ಮಾನಕ್ಕೆ ಅಂಜಿ ಬಾಯಿ ಬಿಡದವರಿಗೆ ಅದು ತಲುಪುವುದಿಲ್ಲ. ದಾನ ಇದ್ದರೂ ಹಕ್ಕು ಬೇಕಾಗುವುದು ಈ ಕಾರಣಕ್ಕೆ.

ಇದು ನಮ್ಮವರಿಗಷ್ಟೇ ಎಂದೂ ಭಾವಿಸಬಾರದು. ಭಿಕ್ಷೆ ಬೇಡುತ್ತಿದ್ದ ಕುರುಡ ಯಹೂದಿ ವೃದ್ಧರೊಬ್ಬರನ್ನು ಕಂಡ ಹಝ್ರತ್ ಉಮರ್(ರ) ಅವರಿಗೆ ಬೈತುಲ್‌ಮಾಲ್‌ನಿಂದ ನೆರವು ನಿಗದಿಪಡಿಸಿದ ಘಟನೆ ಪ್ರಸಿದ್ಧವಾಗಿದೆ.

ನಮ್ಮ ದೇಶದ ಕಾನೂನು ಏನೆನ್ನುತ್ತದೆ?

ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ 'ಆರೋಗ್ಯ' ಎಂಬ ಶಬ್ದ ನೇರವಾಗಿ ಇಲ್ಲ. ಜನರ ಪೌಷ್ಟಿಕತೆ ಮತ್ತು ಸಾರ್ವಜನಿಕ ಆರೋಗ್ಯವನ್ನು ಉತ್ತಮಪಡಿಸುವುದು ಸರಕಾರದ ಕರ್ತವ್ಯವೆಂದು 47ನೇ ವಿಧಿ ಹೇಳುತ್ತದೆ. ಆದರೆ ಅದು ನಿರ್ದೇಶಕ ತತ್ವ, ಅದನ್ನೇ ಹಿಡಿದು ನ್ಯಾಯಾಲಯಕ್ಕೆ ಹೋಗಲಾಗದು. ಈ ಕೊರತೆಯನ್ನು ಸುಪ್ರೀಂ ಕೋರ್ಟ್ ಜೀವಿಸುವ ಹಕ್ಕಿನ 21ನೇ ವಿಧಿಯ ಮೂಲಕ ತುಂಬಿದೆ.

1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ಕೃಷಿ ಕಾರ್ಮಿಕರೊಬ್ಬರು ರೈಲಿನಿಂದ ಬಿದ್ದು ತಲೆಗೆ ತೀವ್ರ ಗಾಯವಾಯಿತು. ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂದು ಒಂದು ಸರಕಾರಿ ಆಸ್ಪತ್ರೆಯಿಂದ ಇನ್ನೊಂದಕ್ಕೆ ಅವರನ್ನು ಕಳುಹಿಸಲಾಯಿತು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಹಣ ಕೊಟ್ಟು ಚಿಕಿತ್ಸೆ ಪಡೆಯಬೇಕಾಯಿತು. ಅವರು ಮತ್ತು ಅವರ ಕಾರ್ಮಿಕ ಸಂಘಟನೆ ಹೂಡಿದ ದಾವೆಯಲ್ಲಿ 1996ರಲ್ಲಿ ತೀರ್ಪು ಬಂತು. ತುರ್ತು ಸ್ಥಿತಿಯ ರೋಗಿಗೆ ಸರಕಾರಿ ಆಸ್ಪತ್ರೆ ಸಕಾಲದಲ್ಲಿ ಚಿಕಿತ್ಸೆ ಕೊಡದಿದ್ದರೆ ಅದು ಜೀವಿಸುವ ಹಕ್ಕಿನ ಉಲ್ಲಂಘನೆ, ಹಣವಿಲ್ಲ ಎಂದು ಸರಕಾರ ಈ ಕರ್ತವ್ಯದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಕೋರ್ಟ್ ಹೇಳಿ 25,000 ರೂಪಾಯಿ ಪರಿಹಾರ ಕೊಡಿಸಿತು. ಅದಕ್ಕೂ ಮೊದಲು 1989ರಲ್ಲಿ, ಗಾಯಾಳುವಿಗೆ ತಕ್ಷಣ ಚಿಕಿತ್ಸೆ ಕೊಡುವುದು ಸರಕಾರಿ ವೈದ್ಯರಷ್ಟೇ ಅಲ್ಲ, ಖಾಸಗಿ ವೈದ್ಯರ ಕರ್ತವ್ಯವೂ ಹೌದು ಎಂದು ಅದೇ ಕೋರ್ಟ್ ತಿಳಿಸಿತ್ತು. 2023ರ ಮಾರ್ಚ್‌ನಲ್ಲಿ ರಾಜಸ್ಥಾನ ವಿಧಾನಸಭೆ ಆರೋಗ್ಯದ ಹಕ್ಕಿಗೆಂದೇ ಪ್ರತ್ಯೇಕ ಕಾನೂನನ್ನು ಅಂಗೀಕರಿಸಿತು. ಖರ್ಚನ್ನು ಯಾರು ತುಂಬಿಕೊಡುತ್ತಾರೆ ಎಂದು ಖಾಸಗಿ ವೈದ್ಯರು ಮುಷ್ಕರ ಹೂಡಿದರು.

ವೈದ್ಯರ ಆ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಹಕ್ಕನ್ನು ಕಾಗದದಲ್ಲಿ ಬರೆದರೆ ಸಾಲದು, ಅದಕ್ಕೆ ಹಣ ಇಡಬೇಕು. 2025ರೊಳಗೆ ದೇಶದ ಒಟ್ಟು ಉತ್ಪನ್ನದ ಶೇ. 2.5ರಷ್ಟನ್ನು ಸರಕಾರಗಳು ಆರೋಗ್ಯಕ್ಕೆ ವ್ಯಯಿಸಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಗುರಿ ಇಟ್ಟಿತ್ತು. 2021-22ರ ರಾಷ್ಟ್ರೀಯ ಲೆಕ್ಕದಲ್ಲಿ ಅದು ಶೇ. 1.84 ಇತ್ತು. ಅದೇ ವರ್ಷ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4ರಷ್ಟನ್ನು ಜನರು ತಮ್ಮ ಕಿಸೆಯಿಂದಲೇ ಕೊಟ್ಟಿದ್ದರು. 2013-14ರಲ್ಲಿ ಇದು ಶೇ. 64.2 ಇತ್ತೆಂಬುದು ಸಮಾಧಾನದ ವಿಷಯ. ಆದರೂ ಮಾರಿದ ಬಳೆಗಳೆಲ್ಲ ಆ ಶೇ. 39ರೊಳಗೇ ಇವೆ.

ಒಂದು ಆಕ್ಷೇಪ

ಕೆಲವರು ಕೇಳುತ್ತಾರೆ: ಬೀಡಿ ಸೇದಿ ಶ್ವಾಸಕೋಶ ಹಾಳು ಮಾಡಿಕೊಂಡವನ ಚಿಕಿತ್ಸೆಗೆ ನನ್ನ ತೆರಿಗೆ ಹಣ ಏಕೆ? ಕೇಳಲು ನ್ಯಾಯವಾಗಿ ಕಾಣುತ್ತದೆ. ಆದರೆ ಮನೆಯಲ್ಲಿ ಕುಳಿತು ಬೀಡಿ ಕಟ್ಟಿ ಹೊಗೆಸೊಪ್ಪಿನ ಧೂಳು ಕುಡಿದ ಹೆಂಗಸು ಯಾವ ತಪ್ಪು ಮಾಡಿದಳು? ಹುಟ್ಟುವಾಗಲೇ ಹೃದಯದಲ್ಲಿ ರಂಧ್ರವಿದ್ದ ಮಗುವಿನ ಹೊಣೆಗೇಡಿತನ ಯಾವುದು? ಕಾಯಿಲೆಗಳಲ್ಲಿ ಎಷ್ಟು ಪಾಲು ಬಡತನದ್ದು, ಎಷ್ಟು ಪಾಲು ಕುಡಿಯುವ ನೀರಿನದು, ಎಷ್ಟು ಪಾಲು ಅಭ್ಯಾಸದ್ದು ಎಂದು ತೂಗಿ ನೋಡುವ ತಕ್ಕಡಿ ನಮ್ಮ ಬಳಿ ಇಲ್ಲ. ಲೆಕ್ಕ ಕೇಳುವವನು ಅಲ್ಲಾಹನು. ರೋಗಿಯ ಮುಂದೆ ನಿಂತಾಗ ನಮ್ಮ ಕೆಲಸ ವಿಚಾರಣೆಯಲ್ಲ, ಶುಶ್ರೂಷೆ. ಸೇದುವುದನ್ನು ಬಿಡು ಎಂಬ ಬುದ್ಧಿಮಾತನ್ನು ಚಿಕಿತ್ಸೆಯ ಜೊತೆಗೇ ಹೇಳೋಣ, ಚಿಕಿತ್ಸೆಯ ಬದಲಿಗೆ ಬೇಡ.

ನಮ್ಮ ಜಮಾಅತ್‌ಗಳು ಮಾಡಬಹುದಾದದ್ದು

ಒಂದು: ಕರ್ನಾಟಕದಲ್ಲಿ 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಬೇಕಾದದ್ದು ಪಡಿತರ ಚೀಟಿ ಮತ್ತು ಆಧಾರ್. ನಮ್ಮವರಲ್ಲಿ ಮುಹಮ್ಮದ್, ಮಹಮ್ಮದ್, ಮೊಹಮ್ಮದ್ ಎಂದು ಒಬ್ಬರ ಹೆಸರೇ ಮೂರು ಬಗೆಯಾಗಿ ದಾಖಲಾಗಿರುವುದುಂಟು. ಕಾಯಿಲೆ ಬಂದ ಮೇಲೆ ತಿದ್ದಿಸಲು ಓಡಾಡುವ ಬದಲು ಈಗಲೇ ಸರಿಪಡಿಸಿಕೊಳ್ಳಬೇಕು. ಮದ್ರಸದ ಒಂದು ಕೋಣೆ, ಕಂಪ್ಯೂಟರ್ ಬಲ್ಲ ಇಬ್ಬರು ಯುವಕರು, ಒಂದು ಭಾನುವಾರ ಇದ್ದರೆ ಮೊಹಲ್ಲಾದ ಅರ್ಧ ಕೆಲಸ ಮುಗಿಯುತ್ತದೆ. ನೆರೆಯ ಹಿಂದೂ, ಕ್ರೈಸ್ತ ಮನೆಗಳನ್ನೂ ಕರೆಯೋಣ.

ಎರಡು: ತುರ್ತು ಅಲ್ಲದ ಶಸ್ತ್ರಚಿಕಿತ್ಸೆಗೆ ಹಣ ಕಟ್ಟುವ ಮೊದಲು ಆಸ್ಪತ್ರೆಯಲ್ಲಿ ಈ ಯೋಜನೆ ಇದೆಯೇ, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ಕೇಳಬೇಕು. ನೋಂದಾಯಿತ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರರಿರುತ್ತಾರೆ. ಕೇಳುವುದು ಅವಮಾನವಲ್ಲ. ಖಾಸಗಿ ಆಸ್ಪತ್ರೆಯಿಂದ ಅನ್ಯಾಯವಾದರೆ ದೂರು ಕೊಡಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ.

ಮೂರು: ಝಕಾತ್ ಪಡೆಯಲು ಅರ್ಹರ ಪಟ್ಟಿಯಲ್ಲಿ ಬಡವರೂ ಇದ್ದಾರೆ, ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಚಿಕಿತ್ಸೆಗಾಗಿ ಸಾಲಗಾರರಾದವರನ್ನು ರಮಝಾನ್‌ಗೆ ಮೊದಲೇ ಗುರುತಿಸಿಟ್ಟರೆ ಅವರು ಎದ್ದು ನಿಲ್ಲಬೇಕಾಗಿ ಬರುವುದಿಲ್ಲ. ಕೊಡುವ ವಿಧಾನದಲ್ಲಿ ಸಂಶಯವಿದ್ದರೆ ಉಲಮಾರಲ್ಲಿ ವಿಚಾರಿಸಬೇಕು.

ನಾಲ್ಕು: ವೈದ್ಯಶಾಸ್ತ್ರ ಕಲಿಯುವುದು ಫರ್ಝ್ ಕಿಫಾಯ ಎಂದು ಇಮಾಮ್ ಗಝ್ಝಾಲಿ(ರಹ್) ಹೇಳಿದ್ದಾರೆ. ಊರಿನಲ್ಲಿ ಯಾರೂ ಕಲಿಯದಿದ್ದರೆ ಇಡೀ ಊರು ಹೊಣೆ. ಓದುವ ಆಸೆಯಿರುವ ಹೆಣ್ಣುಮಗಳನ್ನು ನರ್ಸಿಂಗ್‌ಗೆ ಕಳುಹಿಸಲು ಹಿಂಜರಿಯುವವರು ಹಝ್ರತ್ ರುಫೈದಾ(ರ) ಅವರನ್ನು ನೆನಪಿಸಿಕೊಳ್ಳಲಿ.

ಆ ತಾಯಿ ಈಗ ಚೇತರಿಸಿಕೊಳ್ಳುತ್ತಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಅವರ ಕಾರ್ಡ್ ಕೂಡ ಸಿದ್ಧವಾಗಿದೆ. ಸಾಲ ಮಾತ್ರ ಇನ್ನೂ ತೀರಿಲ್ಲ. ಆ ಸಾಲದಲ್ಲಿ ಸರಕಾರದ ಪಾಲಿದೆ, ಅವರ ಮೌನದ ಪಾಲೂ ಇದೆ. ನಮ್ಮ ಪಾಲು ಎಷ್ಟೆಂದು ನಾವು ಕೇಳಿಕೊಳ್ಳಬೇಕು. ಅಲ್ಲಾಹನು ರೋಗಿಗಳಿಗೆ ಶಿಫಾ ಕರುಣಿಸಲಿ. ನಮ್ಮ ಶರೀರದ ಹಕ್ಕನ್ನೂ ನೆರೆಯವರ ಹಕ್ಕನ್ನೂ ಸಲ್ಲಿಸುವ ತೌಫೀಕ್ ನಮಗೆ ನೀಡಲಿ. ಆಮೀನ್.