ಹೊಳೆಯ ಕೊರೆತವೂ ಮೆಕ್ಕಲು ಮಣ್ಣೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಹೊಳೆಯ ದಡದ ಜಮೀನುಳ್ಳವರಿಗೆ ಒಂದು ಸಂಗತಿಯು ಅನುಭವದಿಂದಲೇ ತಿಳಿದಿರುವುದು. ಮಳೆಗಾಲದಲ್ಲಿ ಒಬ್ಬರ ಹೊಲದ ಅಂಚು ಕುಸಿದು ನೀರಿನ ಪಾಲಾದರೆ, ಎದುರು ದಡದಲ್ಲಿ ಹೊಸ ಮಣ್ಣು ಬಂದು ನಿಲ್ಲುವುದು. ಇದು ಆಕಸ್ಮಿಕವಲ್ಲ. ನದಿಯು ನಿಯಮವನ್ನನುಸರಿಸಿಯೇ ಒಂದೆಡೆ ನೆಲವನ್ನು ಕೊರೆದು ಮತ್ತೊಂದೆಡೆ ಕಟ್ಟುತ್ತಿರುವುದು.

ಕಾವೇರಿ ಮತ್ತು ಲಕ್ಷ್ಮಣತೀರ್ಥ ನದಿಗಳು ಕೊಡಗಿನ ಬೆಟ್ಟಗಳಲ್ಲಿಯೂ, ಕಪಿಲೆಯೆಂದೂ ಕರೆಯಲ್ಪಡುವ ಕಬಿನಿಯು ವೈನಾಡಿನಲ್ಲಿಯೂ ಹುಟ್ಟುವುವು. ಆದುದರಿಂದ ಊರಿನಲ್ಲಿ ಹನಿ ಮಳೆಯಿಲ್ಲದಿರುವಾಗಲೂ ಹೊಳೆಯಲ್ಲಿ ಪ್ರವಾಹವು ಬರುವುದುಂಟು. ನೀರಿನ ವೇಗವು ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕವು ಸುಮಾರು 64 ರಷ್ಟಾಗುವುದೆಂದು ಶಾಸ್ತ್ರಜ್ಞರು ಲೆಕ್ಕ ಮಾಡಿರುವರು. ವರ್ಷವಿಡೀ ಆಗದ ಕೊರೆತವು ಎರಡು ದಿನದ ಪ್ರವಾಹದಲ್ಲಿ ಆಗಿಬಿಡುವುದಕ್ಕೆ ಇದೇ ಕಾರಣವು.

ವೇಗವು ತಗ್ಗಿದೊಡನೆ ನದಿಯು ತನ್ನ ಹೊರೆಯನ್ನು ಇಳಿಸತೊಡಗುವುದು. ಮೊದಲು ಗುಂಡುಕಲ್ಲು, ಅನಂತರ ಮರಳು, ಕಡೆಗೆ ನುಣ್ಣನೆಯ ಮೆಕ್ಕಲು ತಳಕ್ಕಿಳಿಯುವುದು. ತಿರುವಿನ ಹೊರದಂಡೆಗೆ ನೀರು ರಭಸದಿಂದ ಬಡಿದು ಬುಡವನ್ನು ಕೊರೆಯುವುದು. ಒಳದಂಡೆಯಲ್ಲಿ ನೀರು ನಿಧಾನವಾಗುವುದರಿಂದ ಅಲ್ಲಿ ಮಣ್ಣು ಕೂಡುವುದು. ಹೀಗೆ ತಿರುವು ವರ್ಷೇ ವರ್ಷೇ ಹೆಚ್ಚುತ್ತ ಹೋಗುವುದು. ಆದರೆ ಗಟ್ಟಿಯಾದ ಬಂಡೆಯು ಅಡ್ಡವಿರುವಲ್ಲಿ ಕೊರೆತವು ಬಲು ನಿಧಾನ. ಚುಂಚನಕಟ್ಟೆಯಲ್ಲಿ ಕಾವೇರಿಯು ಇಂತಹ ಬಂಡೆಗಳ ಮೇಲಿನಿಂದ ಧುಮುಕುವುದನ್ನು ನೋಡಬಹುದು.

ನದಿಯ ಬಲವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕಾವೇರಿಯ ದಡದ ಎಡತೊರೆಯು ಪ್ರವಾಹಗಳಿಂದ ಬಹಳ ನೊಂದ ಕಾರಣ, ಅಲ್ಲಿನ ಜನರ ಅನುಕೂಲಕ್ಕಾಗಿ 1925 ರಿಂದ 1930 ರ ಅವಧಿಯಲ್ಲಿ ಸಮೀಪದಲ್ಲಿಯೇ ಕೃಷ್ಣರಾಜನಗರವು ಹೊಸದಾಗಿ ನಿರ್ಮಾಣವಾಯಿತು. ಊರೇ ನದಿಗೆ ದಾರಿ ಬಿಟ್ಟುಕೊಟ್ಟಿತು.

ಅಣೆಕಟ್ಟುಗಳಿಂದ ಈ ಕ್ರಮವು ಬದಲಾಗುವುದೇ ಹೊರತು ನಿಲ್ಲುವುದಿಲ್ಲ. ಕೃಷ್ಣರಾಜಸಾಗರದಲ್ಲಿಯೂ, 1974 ರಲ್ಲಿ ಪೂರ್ಣಗೊಂಡ ಬೀಚನಹಳ್ಳಿಯ ಕಬಿನಿ ಜಲಾಶಯದಲ್ಲಿಯೂ ನೀರು ನಿಂತು ಹೂಳು ಕೂಡುವುದು. ಹೊಲದಿಂದ ಕೊಚ್ಚಿಹೋದ ಮೇಲ್ಮಣ್ಣು ಹೀಗೆ ಜಲಾಶಯದ ಜಾಗವನ್ನು ತಿನ್ನುವುದು. ನಷ್ಟವು ರೈತನಿಗೂ ಉಂಟು, ನಾಲೆಯ ನೀರನ್ನು ನಂಬಿದವರಿಗೂ ಉಂಟು.

ಆದುದರಿಂದ ಭೂಮಾಲೀಕರು ಕೆಲವು ವಿಷಯಗಳನ್ನು ಗಮನಿಸತಕ್ಕದ್ದು. ದಡದ ಅಂಚಿನವರೆಗೆ ಉಳಬಾರದು. ಕೆಲವು ಮಾರುಗಳಷ್ಟು ನೆಲವನ್ನು ಹುಲ್ಲಿಗೂ ಮರಗಳಿಗೂ ಬಿಡಬೇಕು. ಹೊಂಗೆ, ಬಿದಿರು, ಲಾವಂಚಗಳ ಬೇರು ಮಣ್ಣನ್ನು ಬಿಗಿಹಿಡಿಯುವುದು. ಇಳಿಜಾರು ಹೊಲಗಳಲ್ಲಿ ಇಳಿಜಾರಿಗೆ ಅಡ್ಡಲಾಗಿ ಬದುಗಳನ್ನು ಹಾಕಿ, ಅಡ್ಡಲಾಗಿಯೇ ಉಳಬೇಕು. ದಡದ ಬುಡದಲ್ಲಿ ಮರಳು ತೆಗೆಯುವುದನ್ನು ಗ್ರಾಮದ ಮುಖಂಡರು ತಡೆಯಬೇಕು. ಬುಡವು ಸಡಿಲವಾದರೆ ಮುಂದಿನ ಪ್ರವಾಹದಲ್ಲಿ ಮೇಲಿನ ಹೊಲವು ನಿಲ್ಲಲಾರದು. ಹೊಳೆಯೇ ಎಲ್ಲೆಯಾಗಿರುವಲ್ಲಿ ಗಡಿಗಲ್ಲುಗಳನ್ನು ಮಳೆಗಾಲಕ್ಕೆ ಮುಂಚೆಯೂ ಅನಂತರವೂ ನೋಡಿಕೊಂಡರೆ ನೆರೆಹೊರೆಯ ವ್ಯಾಜ್ಯಗಳು ತಪ್ಪುವುವು.

ನದಿಯನ್ನು ನಿಲ್ಲಿಸುವುದು ಒಬ್ಬ ರೈತನಿಂದ ಆಗದ ಕೆಲಸ. ತನ್ನ ಹೊಲದ ಮಣ್ಣನ್ನು ಅದಕ್ಕೆ ಸುಲಭವಾಗಿ ಒಪ್ಪಿಸದಿರುವುದು ಮಾತ್ರ ಅವನ ಕೈಯಲ್ಲಿಯೇ ಇರುವುದು.