ಸುಬೇದಾರರು ಯಾಕೆ ಬಂದಿಲ್ಲ?

ಬೊರಿವಲಿ ಪೂರ್ವದ ಹೈವೇಗೆ ತಾಗಿಕೊಂಡಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಬೆಳಗ್ಗೆ ಪಾಸ್ ತೋರಿಸಿ ಒಳಹೋಗುವ ಹಿರಿಯರಲ್ಲಿ ಕೆಲವರ ನಡಿಗೆಯೇ ಬೇರೆ. ಬೆನ್ನು ನೆಟ್ಟಗೆ, ಹೆಜ್ಜೆ ಅಳೆದಂತೆ. ಫೌಜಿನಲ್ಲಿದ್ದವರು ಎಂದು ಯಾರೂ ಹೇಳಬೇಕಾಗಿಲ್ಲ. “ಅವರಿಗೇನ್ರೀ, ಗಟ್ಟಿ ಜೀವ” ಅಂದುಬಿಡುತ್ತೇವೆ. ತಪ್ಪು ಶುರುವಾಗುವುದೇ ಅಲ್ಲಿ.

ಗಟ್ಟಿ ಜೀವಕ್ಕೂ ಯುದ್ಧ ಅಂಟಿಕೊಳ್ಳುತ್ತದೆ. ಮೊದಲ ಮಹಾಯುದ್ಧದಲ್ಲಿ ಇದನ್ನು ಶೆಲ್ ಶಾಕ್ ಎಂದರು, ಹೇಡಿತನ ಎಂದೂ ಹಳಿದರು. ಆಘಾತದ ನಂತರ ಕಾಡುವ ಈ ಕಾಯಿಲೆಯ ಪಿಟಿಎಸ್‌ಡಿ ಎಂಬ ಹೆಸರು ವೈದ್ಯರ ಕೈಪಿಡಿಗೆ ಬಂದದ್ದು 1980ರಲ್ಲಿ. ನಮ್ಮೂರಿನವರಿಗಂತೂ ಇದು ಅರ್ಥವಾಗಬೇಕು: 2006ರ ಜುಲೈ 11ರಂದು ಲೋಕಲ್ ಗಾಡಿಗಳಲ್ಲಿ ಬಾಂಬ್ ಸಿಡಿದ ಏಳು ಜಾಗಗಳಲ್ಲಿ ಬೊರಿವಲಿಯೂ ಒಂದು.

“ಅಷ್ಟು ಹಳೇದು, ಮರೆತುಹೋಗಿರುತ್ತದೆ” ಎಂಬುದು ಇನ್ನೊಂದು ನಂಬಿಕೆ. 1987ರಲ್ಲಿ ಶಾಂತಿಪಾಲನಾ ಪಡೆಯೊಂದಿಗೆ ಶ್ರೀಲಂಕಾಕ್ಕೆ ಹೋದ 25ರ ಜವಾನನಿಗೆ ಈಗ 60 ದಾಟಿದೆ. ಸೈನ್ಯ ಬಿಟ್ಟ ಮೇಲೆ ಬ್ಯಾಂಕಿನ ಬಾಗಿಲಲ್ಲೋ ಸೊಸೈಟಿ ಗೇಟಿನಲ್ಲೋ ಇನ್ನೊಂದು ನೌಕರಿ; ಯೂನಿಫಾರ್ಮ್, ಡ್ಯೂಟಿ, ಜೊತೆಗಾರರು. ಅದೂ ಮುಗಿದು ಮನೆಯಲ್ಲಿ ಕೂತ ದಿನ ಹಳೆಯದು ಎದ್ದು ಬರುವುದುಂಟು. ಗಣಪತಿ ವಿಸರ್ಜನೆಯ ಪಟಾಕಿಗೆ ಬೆಚ್ಚುವುದು, ನಿದ್ದೆಗೆಡುವುದು, ಮದುವೆಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟ ಕುರ್ಚಿಯನ್ನೇ ಹುಡುಕುವುದು. ಮನೆಯವರು ಇದಕ್ಕೆ “ವಯಸ್ಸಾಯ್ತು” ಎಂದು ಹೆಸರಿಡುತ್ತಾರೆ.

ಹಾಗಾದರೆ ಇಂಥವರಿಗೆ ವ್ಯಾಯಾಮ ಸರಿಯೇ? ಎದೆ ಬಡಿತ ಏರಿದರೆ ಭಯ ಜಾಸ್ತಿಯಾದೀತೆಂದು ಕೆಲವರು ತಡೆಯುತ್ತಾರೆ. ನಿಜಕ್ಕೂ ಹದವಾದ ನಡಿಗೆಯಲ್ಲಿ ಎದೆ ಬಡಿದು, ಉಸಿರು ಏರಿ, ಮತ್ತೆ ತಣ್ಣಗಾದಾಗ ದೇಹ ಒಂದು ಪಾಠ ಕಲಿಯುತ್ತದೆ: ಎದೆ ಬಡಿದ ಮಾತ್ರಕ್ಕೆ ಅಪಾಯ ಬಂದಿದೆ ಎಂದಲ್ಲ. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ ಶುರುಮಾಡಲಿ, ಅಷ್ಟೇ.

ಟ್ರೆಡ್‌ಮಿಲ್ ತಂದುಕೊಟ್ಟರೆ ಸಾಕು ಎನ್ನುವ ಮಕ್ಕಳೂ ಇದ್ದಾರೆ. ಈ ಕಾಯಿಲೆ ಮನುಷ್ಯನನ್ನು ಜನರಿಂದ ಬಿಡಿಸಿ ಒಳಕೋಣೆಗೆ ತಳ್ಳುತ್ತದೆ. ಟ್ರೆಡ್‌ಮಿಲ್ಲೂ ಅದೇ ಕೋಣೆಯಲ್ಲಿರುತ್ತದೆ! ಅಮೆರಿಕದ ಡರ್ಹಾಮ್‌ನಲ್ಲಿ ಹಿರಿಯ ಮಾಜಿ ಸೈನಿಕರಿಗಾಗಿ 1986ರಲ್ಲಿ ಶುರುವಾದ ಜೆರೊಫಿಟ್ ಕಾರ್ಯಕ್ರಮ ಗುಂಪು ಕಟ್ಟಿಯೇ ವ್ಯಾಯಾಮ ಮಾಡಿಸುತ್ತದೆ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. 1995ರಲ್ಲಿ ಡಾ. ಮದನ್ ಕಟಾರಿಯಾ ನಗೆಕೂಟ ಆರಂಭಿಸಿದ್ದು ಇದೇ ಮುಂಬಯಿಯ ಪಾರ್ಕೊಂದರಲ್ಲಿ, ಐದೇ ಜನರೊಂದಿಗೆ. ಇಂಥ ಕೂಟದಲ್ಲಿ ದುಂಡಗೆ ನಿಂತರೆ ಎಲ್ಲರ ಮುಖ ಕಾಣುತ್ತದೆ. ಆದರೆ ಒಮ್ಮೆಗೇ ಜೋರಾಗಿ ಚಪ್ಪಾಳೆ ತಟ್ಟುವ ಮುನ್ನ ಒಂದು ಮಾತು ಹೇಳಿ. ಆ ಸದ್ದು ಒಬ್ಬರಿಗೆ ಬೇರೇನನ್ನೋ ನೆನಪಿಸೀತು.

“ಸಾಬ್, ಕಾರ್ಗಿಲ್ ಕತೆ ಹೇಳಿ” ಎಂದು ಕೆದಕುವುದು ಪ್ರೀತಿಯಿಂದಲೇ ಇರಬಹುದು, ಬೇಡ. ಮನಸ್ಸು ಬಿಚ್ಚಿದರೆ ವಾಸಿಯಾಗುತ್ತದೆ ಎಂಬುದು ಅರೆಸತ್ಯ. ಆ ನೆನಪಿಗೆ ಕೈ ಹಾಕಲು ತರಬೇತಿ ಪಡೆದ ಚಿಕಿತ್ಸಕರು ಬೇಕು. ವಾಕಿಂಗ್ ಆ ಚಿಕಿತ್ಸೆಗೆ ಜೊತೆಯಾದೀತು, ಬದಲಿಯಾಗದು. ಪಿಂಚಣಿದಾರ ಮಾಜಿ ಸೈನಿಕರಿಗೆ 2003ರಿಂದ ಇಸಿಎಚ್‌ಎಸ್ ಆರೋಗ್ಯ ಯೋಜನೆಯಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಬೆಳಗಿನ ವಾಕಿಂಗ್ ಗುಂಪಿನವರು ಮಾಡಬೇಕಾದದ್ದು ಅದಕ್ಕಿಂತ ಚಿಕ್ಕದು. ಜೊತೆಗೆ ನಡೆಯುವ ಫೌಜಿ ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಜ್ಯೂಸ್ ಗಾಡಿಯ ಹತ್ತಿರ ನಿಂತೇ ಫೋನ್ ಹಚ್ಚುವುದು: “ಯಾಕೆ ಸಾಬ್, ಬರ್ಲಿಲ್ಲ?”